ಚಿತ್ರತುರಗದಿಂದ ಚಿತ್ರಸುಂದರಿಯವರೆಗೆ: ಹಳೆಯ ಶೈಲಿಯ ಭಂಗಿಚಿತ್ರಗಳಲ್ಲಿ ಅನುಕರಣದ ಪ್ರಶ್ನೆ

೧. ಪ್ರವೇಶ

ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಸಿಂಗಟಗೆರೆಯಂತಹ ಊರಿನಲ್ಲಿ ಮನೆಯೊಂದರ ನಡುಮನೆಯ ಗೋಡೆಯನ್ನು ನೋಡಿದರೆ ಅಲ್ಲಿ ಮೂರು ಬಗೆಯ ಚಿತ್ರಗಳು ಅಕ್ಕಪಕ್ಕದಲ್ಲಿ ತೂಗುವುದುಂಟು. ಮಂಡಿಯವರೋ ಬಟ್ಟೆ ಅಂಗಡಿಯವರೋ ಹೊಸವರ್ಷಕ್ಕೆ ಕೊಟ್ಟ ದೇವರ ಕ್ಯಾಲೆಂಡರು ಒಂದು. ಹಿರಿಯರು ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ಬಿಗಿಯಾಗಿ ಕುಳಿತು ತೆಗೆಸಿಕೊಂಡ ಕಪ್ಪುಬಿಳುಪು ಭಾವಚಿತ್ರ ಮತ್ತೊಂದು. ಇತ್ತೀಚಿನ ಮದುವೆಯ ಆಲ್ಬಮ್ಮಿನಿಂದ ಹಿಗ್ಗಿಸಿ ಕಟ್ಟು ಹಾಕಿಸಿದ ಚಿತ್ರ ಮೂರನೆಯದು. ಈ ಮೂರನೆಯ ಬಗೆಯಲ್ಲಿ ಈಚೆಗೆ ಹೊಸ ಸಂಗತಿಯೊಂದು ಸೇರಿಕೊಂಡಿದೆ. ವಧುವು ೧೯೬೦-೭೦ರ ದಶಕದ ಚಲನಚಿತ್ರ ನಾಯಕಿಯಂತೆ ಎತ್ತರದ ಕೇಶವಿನ್ಯಾಸ, ಚುಕ್ಕೆಗಳ ಸೀರೆ, ಕಣ್ಣಿನ ತುದಿಯಿಂದಾಚೆಗೆ ಎಳೆದ ಕಾಡಿಗೆಯೊಡನೆ ನಿಲ್ಲುತ್ತಾಳೆ. ಇಲ್ಲವೇ ರವಿವರ್ಮನ ಚಿತ್ರದ ಹೆಂಗಸಿನಂತೆ ಸೆರಗನ್ನು ಇಳಿಬಿಟ್ಟು, ಕೈಯಲ್ಲಿ ದೀಪ ಹಿಡಿದು, ಮುಖವನ್ನು ಅರೆ ತಿರುಗಿಸುತ್ತಾಳೆ. ಛಾಯಾಗ್ರಾಹಕರು ಇದನ್ನು ‘ರೆಟ್ರೋ ಥೀಮ್ ಶೂಟ್’ ಎಂದು ಕರೆಯುತ್ತಾರೆ.

ಈ ಚಿತ್ರಗಳ ಬಗ್ಗೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಪ್ರತಿಕ್ರಿಯೆಗಳು ಕಂಡುಬರುತ್ತವೆ. ಇದು ಅನ್ಯಸಂಸ್ಕೃತಿಯ ಪ್ರದರ್ಶನಪ್ರಿಯತೆ ಎಂಬ ಆಕ್ಷೇಪ ಮೊದಲನೆಯದು. ಹಳೆಯ ಕಾಲದ ಚೆಲುವಿನ ಮರುಕಳಿಕೆ ಎಂಬ ಮೆಚ್ಚುಗೆ ಎರಡನೆಯದು. ಇವೆರಡೂ ಚಿತ್ರದ ಮುಂದೆ ನಿಂತು ಹೇಳಿದ ಮಾತುಗಳೇ ಹೊರತು ಚಿತ್ರದೊಳಗಿನ ಕ್ರಿಯೆಯನ್ನು ಕುರಿತ ಮಾತುಗಳಲ್ಲ. ಇಲ್ಲಿ ಒಬ್ಬ ಹೆಣ್ಣು ಮತ್ತೊಂದನ್ನು ಅನುಕರಿಸುತ್ತಿದ್ದಾಳೆ. ಅವಳು ಅನುಕರಿಸುತ್ತಿರುವುದು ಯಾರನ್ನು? ಅಥವಾ ಯಾವುದನ್ನು? ಭಾರತೀಯ ಕಾವ್ಯಮೀಮಾಂಸೆಯನ್ನು ಪಾಠ ಹೇಳುವ ನಮಗೆ ಈ ಪ್ರಶ್ನೆ ಹೊಸದೇನಲ್ಲ. ಶ್ರೀಶಂಕುಕನೂ ಭಟ್ಟತೌತನೂ ರಂಗಭೂಮಿಯ ನಟನನ್ನು ಮುಂದಿಟ್ಟುಕೊಂಡು ಇದೇ ಪ್ರಶ್ನೆಯನ್ನು ಚರ್ಚಿಸಿದ್ದಾರೆ. ಹಳೆಯ ಶೈಲಿಯ ಭಂಗಿಚಿತ್ರವನ್ನು ಆ ಚರ್ಚೆಯ ಬೆಳಕಿನಲ್ಲಿ ಓದುವುದು, ಆ ಓದಿನಿಂದ ಚಿತ್ರದ ಹಿಂದಿರುವ ಹೆಣ್ಣಿನ ಹೆಸರು ಮತ್ತು ಒಪ್ಪಿಗೆಯ ಪ್ರಶ್ನೆಗೆ ತಲುಪುವುದು ಪ್ರಸ್ತುತ ಲೇಖನದ ಉದ್ದೇಶ.

೨. ಗುಂಡುಸೂಜಿಯ ಚಿತ್ರ

ಇಂತಹ ಚಿತ್ರೀಕರಣಗಳಿಗೆ ಪಶ್ಚಿಮದಲ್ಲಿ ಇರುವ ಮೂಲಮಾದರಿಯನ್ನು ‘ಪಿನಪ್’ ಎನ್ನುತ್ತಾರೆ. ಗುಂಡುಸೂಜಿಯಿಂದ ಗೋಡೆಗೆ ಚುಚ್ಚಿ ನಿಲ್ಲಿಸುವ ಚಿತ್ರ ಎಂಬುದು ಈ ಪದದ ನೇರ ಅರ್ಥ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ತಮ್ಮ ಬಿಡಾರಗಳಲ್ಲಿ ಇಂತಹ ಚಿತ್ರಗಳನ್ನು ಅಂಟಿಸಿಕೊಳ್ಳುತ್ತಿದ್ದುದರಿಂದ ಪದವೂ ಚಿತ್ರವೂ ಒಟ್ಟಿಗೇ ಪ್ರಸಾರಕ್ಕೆ ಬಂದವು. ೧೯೪೩ರಲ್ಲಿ ಫ್ರಾಂಕ್ ಪೊವೊಲ್ನಿ ತೆಗೆದ, ನಟಿ ಬೆಟ್ಟಿ ಗ್ರೇಬಲ್ ಬೆನ್ನು ತೋರಿ ಹೆಗಲ ಮೇಲಿನಿಂದ ಹಿಂತಿರುಗಿ ನಗುವ ಛಾಯಾಚಿತ್ರ ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಆಲ್ಬರ್ಟೊ ವರ್ಗಾಸ್ ನಿಯತಕಾಲಿಕಗಳಿಗೆ, ಗಿಲ್ ಎಲ್ವ್‌ಗ್ರೆನ್ ಕ್ಯಾಲೆಂಡರುಗಳಿಗೆ ಇದೇ ಬಗೆಯ ಚಿತ್ರಗಳನ್ನು ಬಣ್ಣದಲ್ಲಿ ರಚಿಸಿದರು. ಎಲ್ವ್‌ಗ್ರೆನ್ ಮೊದಲು ರೂಪದರ್ಶಿಯನ್ನು ಸ್ಟುಡಿಯೋದಲ್ಲಿ ನಿಲ್ಲಿಸಿ ಛಾಯಾಚಿತ್ರ ತೆಗೆದು, ಅನಂತರ ಅದನ್ನು ತಿದ್ದಿ, ನಡುವನ್ನು ಕಿರಿದಾಗಿಸಿ, ಕಾಲನ್ನು ನೀಳವಾಗಿಸಿ ಕ್ಯಾನ್ವಾಸಿಗೆ ತರುತ್ತಿದ್ದ. ಮುದ್ರಿತವಾದ ಸುಂದರಿ ಆದ್ದರಿಂದ ಸ್ಟುಡಿಯೋದಲ್ಲಿ ನಿಂತಿದ್ದ ಹೆಣ್ಣಲ್ಲ. ಅವಳ ಮೇಲೆ ನಡೆದ ತಿದ್ದುಪಡಿಗಳ ಮೊತ್ತ.

ಈ ಪರಂಪರೆಯಲ್ಲಿ ಇಬ್ಬರು ಮಹಿಳೆಯರು ವಿಶೇಷವಾಗಿ ಗಮನಾರ್ಹರು. ಜೋಯಿ ಮೊಜರ್ಟ್ (೧೯೦೭-೧೯೯೩) ಪಿನಪ್ ಚಿತ್ರಕಾರ್ತಿ. ಅನೇಕ ವೇಳೆ ಕನ್ನಡಿಯನ್ನು ಇಟ್ಟುಕೊಂಡು ತನಗೆ ತಾನೇ ರೂಪದರ್ಶಿಯಾಗುತ್ತಿದ್ದಳು. ಬನ್ನಿ ಯೇಗರ್ (೧೯೨೯-೨೦೧೪) ರೂಪದರ್ಶಿಯಾಗಿದ್ದು ಅನಂತರ ಛಾಯಾಗ್ರಾಹಕಿಯಾದವಳು. ೧೯೫೪ರಲ್ಲಿ ಬೆಟ್ಟಿ ಪೇಜ್‌ಳ ಪ್ರಸಿದ್ಧ ಚಿತ್ರಗಳನ್ನು ತೆಗೆದುದಲ್ಲದೆ ತನ್ನನ್ನು ತಾನೇ ಚಿತ್ರಿಸಿಕೊಳ್ಳುವ ಬಗೆಯನ್ನು ಕುರಿತು ೧೯೬೪ರಲ್ಲಿ ಪುಸ್ತಕವನ್ನೂ ಪ್ರಕಟಿಸಿದಳು. ಪುರುಷನೋಟಕ್ಕಾಗಿಯೇ ಹುಟ್ಟಿದ ಪ್ರಕಾರವೊಂದರ ಒಳಗೇ ನೋಡಿಸಿಕೊಳ್ಳುವವಳು ನೋಡುವವಳೂ ಆಗುವ ಸಾಧ್ಯತೆ ಇತ್ತು ಎಂಬುದಕ್ಕೆ ಇವರು ನಿದರ್ಶನ. ಇಂದಿನ ಹಳೆಯ ಶೈಲಿಯ ಚಿತ್ರೀಕರಣಗಳ ಬಗ್ಗೆ ತೀರ್ಪು ಕೊಡುವ ಮುನ್ನ ಈ ಸಾಧ್ಯತೆಯನ್ನು ನೆನಪಿನಲ್ಲಿಡಬೇಕಾಗುತ್ತದೆ.

೩. ಕ್ಯಾಲೆಂಡರಿನ ದಾರಿ

ನಮ್ಮ ಗೋಡೆಗಳಿಗೆ ಈ ಚಿತ್ರಸುಂದರಿ ಬಂದುದು ಬೇರೆ ದಾರಿಯಿಂದ. ರಾಜಾ ರವಿವರ್ಮ (೧೮೪೮-೧೯೦೬) ೧೮೯೪ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಶಿಲಾಮುದ್ರಣಾಲಯವು ಅರಮನೆಯ ಚಿತ್ರಗಳನ್ನು ಜನಸಾಮಾನ್ಯರ ಮನೆಗೆ ತಂದಿತು. ಲಕ್ಷ್ಮಿ, ಸರಸ್ವತಿ, ದಮಯಂತಿ, ಶಕುಂತಲೆಯರು ಒಂದೇ ಬಗೆಯ ಮೈಕಟ್ಟು, ಒಂದೇ ಬಗೆಯ ಸೀರೆಯ ನೆರಿಗೆಗಳಲ್ಲಿ ಕಾಣಿಸಿಕೊಂಡರು. ದೇವತೆಗೂ ನಾಯಿಕೆಗೂ ಸಮಾನವಾದ ಒಂದು ಮುಖ ಸಿದ್ಧವಾಯಿತು. ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ ರವಿವರ್ಮನ ಮೂಲಚಿತ್ರಗಳಿರುವುದರಿಂದ ಕನ್ನಡಿಗರ ಮಟ್ಟಿಗೆ ಈ ಪರಂಪರೆ ಪ್ರತಿಯಲ್ಲಿ ಮಾತ್ರವಲ್ಲದೆ ಮೂಲದಲ್ಲಿಯೂ ಪರಿಚಿತ.

ಮುಂದಿನ ತಲೆಮಾರಿನಲ್ಲಿ ಇದೇ ಪರಂಪರೆಯನ್ನು ಹಾಲಿವುಡ್ಡಿನ ಬೆಳಕಿನೊಡನೆ ಬೆಸೆದವರು ಗುಲಬರ್ಗಾದ ಎಸ್. ಎಂ. ಪಂಡಿತರು (೧೯೧೬-೧೯೯೩). ಮುಂಬಯಿಯಲ್ಲಿ ಚಲನಚಿತ್ರಗಳ ಪ್ರಚಾರಚಿತ್ರಗಳನ್ನೂ ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಮುಖಪುಟಗಳನ್ನೂ ರಚಿಸಿದ ಅವರು ಅದೇ ಕುಂಚದಿಂದ ಪುರಾಣದ ಸ್ತ್ರೀಯರನ್ನೂ ಚಿತ್ರಿಸಿದರು. ಹೊಳೆಯುವ ಚರ್ಮ, ಹಿಂದಿನಿಂದ ಬೀಳುವ ಬೆಳಕು, ನೋಡುವವನ ಕಡೆಗೆ ತಿರುಗಿದ ಮೈ ಇವು ತಾರೆಯ ಲಕ್ಷಣಗಳು. ಅವರ ಮೇನಕೆ, ದಮಯಂತಿಯರಲ್ಲಿ ಇವೇ ಲಕ್ಷಣಗಳು ಪುರಾಣದ ಆವರಣದಲ್ಲಿ ಕಾಣಿಸಿಕೊಂಡವು. ಪಶ್ಚಿಮದಲ್ಲಿ ಪಿನಪ್ ಎಂದು ಬೇರೆಯಾಗಿ ನಿಂತ ಪ್ರಕಾರ ನಮ್ಮಲ್ಲಿ ದೇವರ ಕ್ಯಾಲೆಂಡರಿನೊಳಗೇ ನೆಲೆಸಿತು ಎನ್ನಬಹುದು. ಅದರಿಂದಾಗಿಯೇ ನಡುಮನೆಯ ಗೋಡೆಗೆ ಅದು ಮುಜುಗರವಿಲ್ಲದೆ ಬರಲು ಸಾಧ್ಯವಾಯಿತು.

ಇಲ್ಲಿ ಜಗನ್ಮೋಹನ ಅರಮನೆಯ ಮತ್ತೊಂದು ಚಿತ್ರವನ್ನು ಪ್ರತ್ಯೇಕವಾಗಿ ನೋಡಬೇಕು. ಕೈಯಲ್ಲಿ ಹಣತೆ ಹಿಡಿದು, ಬೆರಳುಗಳ ಸಂದಿನಿಂದ ಬೆಳಕು ಸೂಸುವಂತೆ ನಿಂತ ಯುವತಿಯ ಜಲವರ್ಣಚಿತ್ರವನ್ನು ಮೈಸೂರಿಗೆ ಹೋದವರೆಲ್ಲ ಕಂಡಿದ್ದಾರೆ. ಬಹುಮಂದಿ ಅದನ್ನು ರವಿವರ್ಮನದೆಂದೇ ತಿಳಿದಿದ್ದಾರೆ. ಅದನ್ನು ರಚಿಸಿದವರು ಎಸ್. ಎಲ್. ಹಳದಣಕರ್, ಕಾಲ ೧೯೪೦ರ ದಶಕದ ಮಧ್ಯಭಾಗ, ದೀಪ ಹಿಡಿದು ಗಂಟೆಗಟ್ಟಲೆ ನಿಂತವರು ಅವರ ಮಗಳು ಗೀತಾ. ಗೀತಾ ಉಪಲೇಕರ್ ೨೦೧೮ರ ಅಕ್ಟೋಬರಿನಲ್ಲಿ, ತಮ್ಮ ೧೦೨ನೆಯ ವಯಸ್ಸಿನಲ್ಲಿ ಕೊಲ್ಹಾಪುರದಲ್ಲಿ ನಿಧನರಾದರು. ಚಿತ್ರದ ಯುವತಿ ಮುಪ್ಪಿಲ್ಲದವಳಾಗಿ ಗೋಡೆಯ ಮೇಲೆ ಉಳಿದಳು. ಅವಳಿಗೆ ಮೈಯನ್ನು ಕೊಟ್ಟವರು ನೂರು ವರ್ಷ ದಾಟಿ ಬದುಕಿದ್ದರೂ ನೋಡುಗರಿಗೆ ಅವರ ಹೆಸರು ತಿಳಿದಿರಲಿಲ್ಲ. ಇಂದು ದೀಪ ಹಿಡಿದು ನಿಲ್ಲುವ ಥೀಮ್ ಚಿತ್ರಗಳು ಈ ಭಂಗಿಯನ್ನು ಮತ್ತೆ ಮತ್ತೆ ತಾಳುತ್ತಿವೆ. ಹಾಗೆ ನಿಲ್ಲುವ ವಧು ಗೀತಾ ಅವರನ್ನು ಅನುಕರಿಸುತ್ತಿದ್ದಾಳೆಯೇ? ಆ ಹೆಸರನ್ನೇ ಅವಳು ಕೇಳಿರಲಾರಳು. ಅವಳು ಅನುಕರಿಸುತ್ತಿರುವುದು ಚಿತ್ರವನ್ನು.

೪. ಶಂಕುಕನ ಕುದುರೆ, ಭಟ್ಟತೌತನ ಪ್ರಶ್ನೆ

ರಸವು ಅನುಕರಣರೂಪವಾದುದು ಎಂದು ವಾದಿಸಿದ ಶ್ರೀಶಂಕುಕನು ಪ್ರೇಕ್ಷಕನ ಅರಿವನ್ನು ವಿವರಿಸಲು ಚಿತ್ರತುರಗನ್ಯಾಯವನ್ನು ಬಳಸಿದನೆಂಬುದು ಅಭಿನವಗುಪ್ತನ ವ್ಯಾಖ್ಯಾನದಿಂದ ನಮಗೆ ತಿಳಿದಿದೆ. ಚಿತ್ರದಲ್ಲಿರುವ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುವಾಗ ಆ ಅರಿವು ಸಮ್ಯಕ್ ಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ, ಇವೆಲ್ಲಕ್ಕಿಂತ ಬೇರೆಯಾದುದು. ನಟನನ್ನು ಕಂಡು ‘ಇವನು ರಾಮ’ ಎನ್ನುವ ಅರಿವೂ ಹಾಗೆಯೇ. ಅಭಿನವಗುಪ್ತನ ಗುರುವಾದ ಭಟ್ಟತೌತನು ಇದನ್ನು ಒಪ್ಪಲಿಲ್ಲ. ಅನುಕರಣ ಎಂದು ಗುರುತಿಸಬೇಕಾದರೆ ಅನುಕಾರ್ಯವನ್ನು ಮೊದಲು ಕಂಡಿರಬೇಕು. ರಾಮನನ್ನು ನಟನೂ ಕಂಡಿಲ್ಲ, ಪ್ರೇಕ್ಷಕನೂ ಕಂಡಿಲ್ಲ. ಹಾಗಿರುವಾಗ ಯಾರ ಅನುಕರಣ, ಯಾರಿಗೆ ಅನುಕರಣವಾಗಿ ತೋರುವುದು? ಈ ಆಕ್ಷೇಪದ ಮುಂದೆ ಶಂಕುಕನ ವಾದ ನಿಲ್ಲಲಿಲ್ಲ ಎಂದು ನಾವು ಪಾಠ ಹೇಳುತ್ತ ಬಂದಿದ್ದೇವೆ.

ರಂಗಭೂಮಿಯಲ್ಲಿ ಸೋತ ಈ ವಾದಕ್ಕೆ ಛಾಯಾಚಿತ್ರದ ಸ್ಟುಡಿಯೋದಲ್ಲಿ ಒಂದು ನೆಲೆ ದೊರೆಯುತ್ತದೆ. ಹಳೆಯ ಶೈಲಿಯ ಭಂಗಿಚಿತ್ರದಲ್ಲಿ ಅನುಕಾರ್ಯವು ವ್ಯಕ್ತಿಯಲ್ಲ, ಮತ್ತೊಂದು ಚಿತ್ರ. ಅದನ್ನು ರೂಪದರ್ಶಿ ಕಂಡಿದ್ದಾಳೆ, ಛಾಯಾಗ್ರಾಹಕ ಕಂಡಿದ್ದಾನೆ, ನೋಡುಗರೂ ಕಂಡಿದ್ದಾರೆ. ಎಲ್ಲರೂ ಕಂಡಿರುವುದರಿಂದಲೇ ‘ಇದು ಆ ಚಿತ್ರದಂತಿದೆ’ ಎಂಬ ಸಂತೋಷ ಹುಟ್ಟುತ್ತದೆ. ಭಟ್ಟತೌತನ ಷರತ್ತು ಇಲ್ಲಿ ಪೂರೈಸಿದಂತಾಯಿತು. ಶಂಕುಕನ ನಾಲ್ಕು ನಿಷೇಧಗಳಿಗೆ ಒಂದು ತಿದ್ದುಪಡಿಯನ್ನು ಮಾತ್ರ ಮಾಡಬೇಕಾಗುತ್ತದೆ: ಇಲ್ಲಿ ಸಾದೃಶ್ಯಜ್ಞಾನವು ನಿಷಿದ್ಧವಲ್ಲ, ಅದೇ ಆಸ್ವಾದದ ಆಧಾರ. ೨೦೨೦ರ ಕ್ಯಾಲೆಂಡರಿಗಾಗಿ ಚೆನ್ನೈನ ಛಾಯಾಗ್ರಾಹಕ ಜಿ. ವೆಂಕೆಟ್ ರಾಮ್ ಅವರು ದಕ್ಷಿಣದ ನಟಿಯರನ್ನು ರವಿವರ್ಮನ ಸ್ತ್ರೀಯರ ಭಂಗಿಗಳಲ್ಲಿ ನಿಲ್ಲಿಸಿ ತೆಗೆದ ಚಿತ್ರಗಳು ಜನಪ್ರಿಯವಾದಾಗ ನೋಡುಗರು ಮಾಡಿದುದು ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವ ಕೆಲಸವನ್ನೇ.

ಆದರೆ ಭಟ್ಟತೌತನ ಪ್ರಶ್ನೆ ಇಲ್ಲಿಗೆ ಮುಗಿಯುವುದಿಲ್ಲ. ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ಅನುಕೃತವಾದ ಆ ಮೊದಲ ಚಿತ್ರ ಯಾರ ಅನುಕರಣ? ಎಲ್ವ್‌ಗ್ರೆನ್ನನ ಕ್ಯಾನ್ವಾಸಿನ ಹಿಂದೆ, ರವಿವರ್ಮನ ಲಕ್ಷ್ಮಿಯ ಹಿಂದೆ, ಹಳದಣಕರರ ದೀಪದ ಹಿಂದೆ ಒಬ್ಬೊಬ್ಬ ಹೆಣ್ಣು ನಿಂತಿದ್ದಳು. ಅವಳನ್ನು ನಾವು ಕಂಡಿಲ್ಲ. ಚಿತ್ರವು ಅವಳನ್ನು ತೋರಿಸುವುದರ ಮೂಲಕವೇ ಮರೆಸಿದೆ.

೫. ವರ್ಣನೆಯ ಸಂಪ್ರದಾಯ

ಈ ಮರೆವು ಚಿತ್ರಕಲೆಗೆ ಮಾತ್ರ ಸೇರಿದುದಲ್ಲ. ನಮ್ಮ ಕಾವ್ಯಗಳ ಸ್ತ್ರೀವರ್ಣನೆಗಳು ಹೆಚ್ಚಾಗಿ ಕವಿಸಮಯಗಳಿಂದ ಕಟ್ಟಲ್ಪಟ್ಟವು. ತಾವರೆ, ದುಂಬಿ, ಚಂದ್ರ, ಹಂಸ, ಬಳ್ಳಿ ಇವು ಯಾವ ಒಬ್ಬ ಹೆಣ್ಣಿಗೂ ಸೇರಿದವಲ್ಲ. ಹಿಂದಿನ ಕಾವ್ಯಗಳಿಂದ ಮುಂದಿನ ಕಾವ್ಯಗಳಿಗೆ ಹರಿದು ಬಂದವು. ಕವಿ ಅನುಕರಿಸಿದುದು ಹೆಣ್ಣನ್ನಲ್ಲ, ವರ್ಣನೆಯನ್ನು. ಸಿಂಗಟಗೆರೆಯಿರುವ ಕಡೂರು ತಾಲ್ಲೂಕಿನದೇ ಆದ ದೇವನೂರಿನ ಲಕ್ಷ್ಮೀಶನು ‘ಉಪಮಾಲೋಲ’ ಎನಿಸಿಕೊಂಡುದು ಈ ಸಾಮಾನ್ಯ ಸಂಪತ್ತನ್ನು ಅಸಾಮಾನ್ಯವಾಗಿ ಬಳಸಿದುದರಿಂದ. ಆದರೆ ಅವನ ‘ಜೈಮಿನಿ ಭಾರತ’ದಲ್ಲಿಯೇ ಎರಡು ಸ್ತ್ರೀಪಾತ್ರಗಳು ವರ್ಣನೆಯ ಚೌಕಟ್ಟಿನಲ್ಲಿ ಸುಮ್ಮನೆ ಕೂಡುವುದಿಲ್ಲ. ಯಜ್ಞಾಶ್ವವನ್ನು ಕಟ್ಟಿ ಅರ್ಜುನನನ್ನು ಎದುರಿಸುವ ಸ್ತ್ರೀರಾಜ್ಯದ ಪ್ರಮೀಳೆ ಒಬ್ಬಳು. ಗಂಡನ ಮಾತಿಗೆ ಸದಾ ವಿರುದ್ಧವಾಗಿ ನಡೆದು ಶಾಪದಿಂದ ಶಿಲೆಯಾದ ಉದ್ದಾಲಕನ ಹೆಂಡತಿ ಚಂಡಿ ಮತ್ತೊಬ್ಬಳು. ತಾನು ಬಯಸಿದಂತೆ ನಡೆದ ಹೆಣ್ಣು ಪ್ರತಿಮೆಯಾಗಿ ನಿಲ್ಲಬೇಕಾಯಿತು ಎಂಬ ಕಥೆ ನಮ್ಮ ಚರ್ಚೆಗೆ ಅನಿರೀಕ್ಷಿತವಾದ ರೂಪಕವನ್ನು ಒದಗಿಸುತ್ತದೆ.

ನೆರೆಯ ತರೀಕೆರೆ ತಾಲ್ಲೂಕಿನ ಅಮೃತಾಪುರದ ಶಾಸನವನ್ನು ರಚಿಸಿದ ಜನ್ನನದು ಇದಕ್ಕೆ ವಿರುದ್ಧವಾದ ಉದಾಹರಣೆ. ‘ಯಶೋಧರ ಚರಿತೆ’ಯ (೧೨೦೯) ಅಮೃತಮತಿ ಸುಂದರಿಯಾಗಿ ವರ್ಣಿತಳಾಗಿಯೂ ತಾನು ಒಲಿದುದು ಕಣ್ಣಿಗೆ ಕಂಡ ರೂಪಕ್ಕಲ್ಲ, ಇರುಳಿನಲ್ಲಿ ಕಿವಿಗೆ ಬಿದ್ದ ಹಾಡಿಗೆ. ಹಾಡಿದವನು ಕುರೂಪಿ. ಕಾವ್ಯ ಅವಳನ್ನು ಖಂಡಿಸುತ್ತದೆ. ಆದರೂ ನೋಟದ ವಸ್ತುವಾಗಿದ್ದ ಹೆಣ್ಣಿಗೆ ತನ್ನದೇ ಆದ ಇಂದ್ರಿಯವಿದೆ ಎಂಬುದನ್ನು ಅದು ಮುಚ್ಚಿಡಲಾರದು.

ಶಿಲ್ಪದಲ್ಲಿ ಈ ಅಸಮತೆ ಅಕ್ಷರಶಃ ಕೆತ್ತಲ್ಪಟ್ಟಿದೆ. ೧೧೧೭ರ ಬೇಲೂರು ದೇವಾಲಯದ ಮದನಿಕೆಯರಲ್ಲಿ ಹಲವರ ಪೀಠದ ಮೇಲೆ ದಾಸೋಜ, ಚಾವಣ ಮುಂತಾದ ಶಿಲ್ಪಿಗಳ ಹೆಸರುಗಳಿವೆ. ರೂವಾರಿಯ ಹೆಸರನ್ನು ಉಳಿಸಿದುದಕ್ಕಾಗಿ ಕನ್ನಡ ನಾಡು ಹೆಮ್ಮೆಪಡಬೇಕಾದುದೇ. ಆದರೆ ಕನ್ನಡಿ ಹಿಡಿದ ದರ್ಪಣಸುಂದರಿಗೆ ಹೆಸರಿಲ್ಲ. ಅವಳ ಕೈಯ ಕನ್ನಡಿಯನ್ನು ಅವಳಿಗೆ ಕೊಟ್ಟವನು ಶಿಲ್ಪಿ. ಜೋಯಿ ಮೊಜರ್ಟಳ ಕನ್ನಡಿಗೂ ಈ ಕನ್ನಡಿಗೂ ಇರುವ ಅಂತರವೇ ನಮ್ಮ ಪ್ರಶ್ನೆಯ ತಿರುಳು.

೬. ಪುಷ್ಪಮಾಲಾ: ಅನುಕರಣವೇ ವ್ಯಾಖ್ಯಾನವಾದಾಗ

ಬೆಂಗಳೂರಿನಲ್ಲಿ ೧೯೫೬ರಲ್ಲಿ ಜನಿಸಿದ ಪುಷ್ಪಮಾಲಾ ಎನ್. ಅವರು ಶಿಲ್ಪಿಯಾಗಿ ತರಬೇತಿ ಪಡೆದು ೧೯೯೦ರ ದಶಕದ ಮಧ್ಯಭಾಗದಿಂದ ಛಾಯಾಚಿತ್ರದ ಕಡೆಗೆ ತಿರುಗಿದವರು. ಹಳೆಯ ಚಿತ್ರಗಳ ವೇಷ, ಭಂಗಿ, ಹಿನ್ನೆಲೆಗಳನ್ನು ಮರುನಿರ್ಮಿಸಿ ಅವುಗಳಲ್ಲಿ ತಾವೇ ಪಾತ್ರವಾಗಿ ನಿಲ್ಲುವುದು ಅವರ ವಿಧಾನ. ಥೀಮ್ ಚಿತ್ರೀಕರಣ ಎಂಬ ಮಾತು ಹೋಬಳಿ ಕೇಂದ್ರಗಳಿಗೆ ಬರುವುದಕ್ಕೆ ಬಹಳ ಮೊದಲೇ ಅವರು ಅದನ್ನು ವಿಮರ್ಶೆಯ ಸಾಧನವಾಗಿ ಬಳಸಿದ್ದರು. ‘ಫ್ಯಾಂಟಮ್ ಲೇಡಿ ಆರ್ ಕಿಸ್ಮತ್’ (೧೯೯೬-೯೮), ‘ಸುನಹರೆ ಸಪ್ನೆ’ (೧೯೯೮) ಸರಣಿಗಳು ಹಳೆಯ ಚಲನಚಿತ್ರಲೋಕವನ್ನು ಮರಳಿ ತಂದವು. ‘ಬಾಂಬೆ ಫೋಟೋ ಸ್ಟುಡಿಯೋ’ (೨೦೦೦-೦೩) ಸರಣಿಗಾಗಿ ತಾರೆಯರ ಭಾವಚಿತ್ರಗಳಿಗೆ ಹೆಸರಾಗಿದ್ದ ಹಿರಿಯ ಛಾಯಾಗ್ರಾಹಕ ಜೆ. ಎಚ್. ಠಕ್ಕರ್ ಅವರ ಕ್ಯಾಮೆರಾದ ಮುಂದೆಯೇ ಅವರು ನಿಂತರು.

ಪ್ರಸ್ತುತ ಚರ್ಚೆಗೆ ಅತ್ಯಂತ ಮುಖ್ಯವಾದುದು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ ೨೦೦೦ದಿಂದ ೨೦೦೪ರವರೆಗೆ ರೂಪಿಸಿದ ‘ದಕ್ಷಿಣ ಭಾರತದ ದೇಶೀ ಸ್ತ್ರೀಯರು: ನಡೆನುಡಿ, ಆಚಾರಗಳು’ ಎಂಬ ಅರ್ಥದ ಇಂಗ್ಲಿಷ್ ಶೀರ್ಷಿಕೆಯ ಸರಣಿ. ವಸಾಹತುಕಾಲದ ಜನಾಂಗ ವಿವರಣೆಯ ಗ್ರಂಥಗಳ ಧಾಟಿಯನ್ನು ಶೀರ್ಷಿಕೆಯೇ ಅಣಕಿಸುತ್ತದೆ. ಇದರಲ್ಲಿ ರವಿವರ್ಮನ ಲಕ್ಷ್ಮಿ ಇದ್ದಾಳೆ, ಬೆಳದಿಂಗಳಿನಲ್ಲಿ ಕುಳಿತ ಹೆಂಗಸಿದ್ದಾಳೆ, ದಖನಿ ಚಿತ್ರಶೈಲಿಯ ಯೋಗಿನಿಯಿದ್ದಾಳೆ. ಇವರ ಸಾಲಿನಲ್ಲಿಯೇ ಚಲನಚಿತ್ರದ ಸ್ಥಿರಚಿತ್ರದ ನಾಯಕಿ, ವೃತ್ತಪತ್ರಿಕೆಯಲ್ಲಿ ಅಚ್ಚಾದ ಬಂಧಿತ ಮಹಿಳೆಯರು, ಮೈಯಳತೆಗಾಗಿ ನಿಲ್ಲಿಸಲ್ಪಟ್ಟ ತೋಡ ಹೆಂಗಸು ಇದ್ದಾರೆ. ಎಲ್ಲರ ಜಾಗದಲ್ಲಿಯೂ ಪುಷ್ಪಮಾಲಾ ಅವರೇ ಪಾತ್ರಧಾರಿ.

ಈ ಜೋಡಣೆಯೇ ವಾದ. ಲಕ್ಷ್ಮಿಯನ್ನು ಮಾತ್ರ ಮರುನಿರ್ಮಿಸಿದ್ದರೆ ಅದು ಮೆಚ್ಚುಗೆಯಾಗುತ್ತಿತ್ತು. ಲಕ್ಷ್ಮಿಯ ಪಕ್ಕದಲ್ಲಿ ಬಂಧಿತಳೂ ಅವಳ ಪಕ್ಕದಲ್ಲಿ ಅಳೆಯಲ್ಪಟ್ಟವಳೂ ನಿಂತಾಗ, ಪೂಜಿಸುವ ನೋಟ, ಬಯಸುವ ನೋಟ, ಗುರುತಿಸುವ ನೋಟ, ಅಳೆಯುವ ನೋಟ ಇವೆಲ್ಲವೂ ಹೆಣ್ಣನ್ನು ಒಂದು ‘ಮಾದರಿ’ಯಾಗಿಸುವ ಒಂದೇ ಕ್ರಿಯೆಯ ಬಗೆಗಳು ಎಂಬುದು ಸ್ಪಷ್ಟವಾಗುತ್ತದೆ. ಮದರಾಸು ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ೧೯೦೯ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥದ ಕಾಲದಲ್ಲಿ ಅಳತೆಗೋಲಿನ ಮುಂದೆ ನಿಂತವರ ಒಪ್ಪಿಗೆಯನ್ನು ಕೇಳುವ ರೂಢಿಯಿರಲಿಲ್ಲ. ಅದೇ ಭಂಗಿಯಲ್ಲಿ ಒಬ್ಬ ಕಲಾವಿದೆ ತನ್ನ ಇಚ್ಛೆಯಿಂದ ನಿಂತಾಗ ಭಂಗಿ ಬದಲಾಗುವುದಿಲ್ಲ, ಅದರ ಕರ್ತೃತ್ವ ಬದಲಾಗುತ್ತದೆ. ಸರಣಿಯ ಒಂದು ಭಾಗವು ಚಿತ್ರೀಕರಣದ ಸಿದ್ಧತೆಯನ್ನೇ ಚಿತ್ರಗಳಾಗಿಸಿರುವುದು ಇದಕ್ಕೆ ಪೂರಕ. ಲಕ್ಷ್ಮಿಯ ಕಮಲವನ್ನು ಯಾರೋ ಕಟ್ಟಿದ್ದಾರೆ, ಹಿನ್ನೆಲೆಯ ಪರದೆಯನ್ನು ಯಾರೋ ಬರೆದಿದ್ದಾರೆ ಎಂಬುದನ್ನು ಮರೆಮಾಡದಿರುವ ಅನುಕರಣ ವ್ಯಾಖ್ಯಾನವಾಗುತ್ತದೆ. ಪಂಪನು ವ್ಯಾಸರ ಕಥೆಯನ್ನು ಮರಳಿ ಹೇಳುವಾಗ ತಾನು ಹಾಗೆ ಮಾಡುತ್ತಿರುವೆನೆಂಬ ಅರಿವನ್ನು ಓದುಗನಿಗೆ ಬಿಟ್ಟುಕೊಟ್ಟಂತೆಯೇ ಇದು.

೭. ಮತ್ತೆ ಸಿಂಗಟಗೆರೆಗೆ

ಇಷ್ಟನ್ನು ಹೇಳಿದ ಮೇಲೆ, ಹೋಬಳಿ ಕೇಂದ್ರದಲ್ಲಿ ಚುಕ್ಕೆಯ ಸೀರೆಯುಟ್ಟು ನಿಲ್ಲುವ ಪ್ರತಿಯೊಬ್ಬ ವಧುವೂ ಇಂತಹ ವ್ಯಾಖ್ಯಾನವನ್ನು ಮಾಡುತ್ತಿದ್ದಾಳೆ ಎಂದರೆ ಅತಿಶಯೋಕ್ತಿಯಾದೀತು. ಬಹುಮಟ್ಟಿಗೆ ಭಂಗಿಯನ್ನು ಹೇಳುವವನು ಛಾಯಾಗ್ರಾಹಕ, ಅವನ ಮೊಬೈಲಿನಲ್ಲಿ ಮಾದರಿಗಳು ಸಿದ್ಧವಾಗಿರುತ್ತವೆ, ವೇಷಭೂಷಣ ಬಾಡಿಗೆಯದು, ಆಲ್ಬಮ್ಮಿನ ಹಾಳೆಗಳ ಲೆಕ್ಕಕ್ಕೆ ತಕ್ಕಂತೆ ದರ. ಮರುಕಳಿಸುವ ಭೂತಕಾಲವೂ ಆಯ್ದ ಭೂತಕಾಲವೇ. ಅಲ್ಲಿ ಅರಮನೆಯ ಕಂಬವಿದೆ, ಬಂಗಲೆಯ ಮೆಟ್ಟಿಲಿದೆ, ಚಲನಚಿತ್ರದ ಕಾಲೇಜಿನ ಸೈಕಲ್ಲಿದೆ. ಕಡೂರಿನ ಬಯಲುಸೀಮೆಯಲ್ಲಿ ರಾಗಿ ಹೊಲದಲ್ಲಿ ಕಳೆ ಕಿತ್ತ, ಬರಗಾಲದಲ್ಲಿ ನೀರು ಹೊತ್ತ ಹೆಂಗಸಿನ ಚಿತ್ರ ಅಲ್ಲಿಲ್ಲ. ರವಿವರ್ಮನ ಬಿಂದಿಗೆ ಅಲಂಕಾರವಾಗಿ ಬರುತ್ತದೆ. ನೀರಿನ ಭಾರ ಬರುವುದಿಲ್ಲ.

ಆದರೂ ಆಕ್ಷೇಪಿಸುವವರು ಒಂದನ್ನು ಗಮನಿಸಬೇಕು. ಸಣ್ಣ ಊರಿನ ಹುಡುಗಿಯೊಬ್ಬಳು ತಾನು ಹೇಗೆ ಕಾಣಬೇಕೆಂಬುದನ್ನು ತಾನೇ ಆರಿಸಿಕೊಂಡು, ಒಂದು ದಿನದ ಮಟ್ಟಿಗೆ ಬೇರೊಬ್ಬಳಾಗಿ ನಿಂತು, ಆ ಚಿತ್ರವನ್ನು ತನ್ನದೆಂದು ಗೋಡೆಗೆ ತೂಗುಹಾಕುವುದು ಸಣ್ಣ ಸಂಗತಿಯಲ್ಲ. ತಲೆಮಾರುಗಳಿಂದ ಗೋಡೆಯ ಮೇಲಿದ್ದುದು ಹೆಸರಿಲ್ಲದ ಸುಂದರಿ. ಈಗ ಇರುವವಳಿಗೆ ಹೆಸರಿದೆ. ಚಿತ್ರ ಎಲ್ಲಿ ಯಾರಿಗೆ ಕಾಣಬೇಕೆಂದು ಹೇಳುವ ಹಕ್ಕು ಅವಳಿಗಿದೆಯೇ ಎಂಬುದು ಮುಂದಿನ ಪ್ರಶ್ನೆ. ಭಂಗಿಯ ಔಚಿತ್ಯಕ್ಕಿಂತ ಈ ಪ್ರಶ್ನೆಯನ್ನು ನಮ್ಮ ತರಗತಿಗಳು ಮೊದಲು ಕೇಳಬೇಕಾಗಿದೆ.

ಕಾವ್ಯಮೀಮಾಂಸೆಯ ಪಾಠದಲ್ಲಿ ಚಿತ್ರತುರಗನ್ಯಾಯವನ್ನು ವಿವರಿಸುವಾಗ ಇಂತಹ ಚಿತ್ರವೊಂದನ್ನು ಮುಂದಿಟ್ಟರೆ ವಿದ್ಯಾರ್ಥಿಗಳಿಗೆ ಅನುಕಾರ್ಯ, ಅನುಕರ್ತೃ, ಸಾಮಾಜಿಕ ಎಂಬ ಪರಿಭಾಷೆಗಳು ಪರೀಕ್ಷೆಯ ಉತ್ತರಗಳಾಗಿ ಉಳಿಯದೆ ತಮ್ಮ ಮನೆಯ ಗೋಡೆಯನ್ನು ಓದುವ ಉಪಕರಣಗಳಾಗುತ್ತವೆ. ಸಂಶೋಧನೆಯ ಮಟ್ಟಿಗೂ ಇಲ್ಲೊಂದು ಕೆಲಸವಿದೆ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಮನೆಗಳಲ್ಲಿರುವ ಹಳೆಯ ಸ್ಟುಡಿಯೋ ಭಾವಚಿತ್ರಗಳನ್ನು, ಅದರಲ್ಲಿಯೂ ಹೆಂಗಸರ ಚಿತ್ರಗಳನ್ನು, ಹೆಸರು, ಊರು, ತೆಗೆಸಿದ ಸಂದರ್ಭಗಳೊಡನೆ ಸಂಗ್ರಹಿಸಬೇಕು. ಉಟ್ಟ ಸೀರೆ ಸ್ವಂತದ್ದೋ ಎರವಲಿನದೋ, ತೊಟ್ಟ ಒಡವೆ ಯಾರದು, ಹೀಗೆ ಕುಳಿತುಕೊಳ್ಳಲು ಹೇಳಿದವರು ಯಾರು ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು. ಹೀಗೆ ಸಂಗ್ರಹವಾದ ಚಿತ್ರಗಳು ಜನಪದ ಗೀತೆಗಳಷ್ಟೇ ಬೆಲೆಯುಳ್ಳ ಆಕರಗಳು.

ನಡುಮನೆಯ ಗೋಡೆಯಲ್ಲಿ ಕ್ಯಾಲೆಂಡರಿಗೂ ಮದುವೆಯ ಚಿತ್ರಕ್ಕೂ ನಡುವೆ ತೂಗುತ್ತಿರುವ ಅಜ್ಜಿಯ ಕಪ್ಪುಬಿಳುಪು ಚಿತ್ರವನ್ನು ಯಾವ ಥೀಮ್ ಚಿತ್ರೀಕರಣವೂ ಇನ್ನೂ ಹೆಚ್ಚಾಗಿ ಗಮನಿಸಿದಂತಿಲ್ಲ. ಮೊಮ್ಮಗಳು ಯಾವುದೋ ನಾಯಕಿಯ ಬದಲು ಆ ಅಜ್ಜಿಯ ಭಂಗಿಯಲ್ಲಿ, ಅವಳ ಕತೆಯನ್ನು ಕೇಳಿ ತಿಳಿದು, ಅದೇ ಬಿಗಿತದಿಂದ ಕ್ಯಾಮೆರಾದ ಕಡೆಗೆ ನೋಡುತ್ತ ಕುಳಿತರೆ, ‘ಇದು ಯಾರ ಅನುಕರಣ?’ ಎಂಬ ಭಟ್ಟತೌತನ ಪ್ರಶ್ನೆಗೆ ಒಂದು ಹೆಸರು ಉತ್ತರವಾಗಿ ದೊರೆಯುತ್ತದೆ.